ಮರುಭೂಮಿಯ ಗಿಡಕ್ಕೆ ನಿಜವಾಗಿಯೂ ನೀರು ಬೇಡವೇ? ಕ್ಯಾಕ್ಟಸ್ ಮತ್ತು ಅದರ ಜೊತೆಗಾರರು ಬದುಕುವ ಬಗೆ

ತಾರಸಿ ತೋಟ (ಕುವೆಂಪುನಗರ, ಮೈಸೂರು):
ನಮ್ಮ ತಾರಸಿಯ ಕುಂಡಗಳಲ್ಲಿರುವ ಕ್ಯಾಕ್ಟಸ್‌ಗಳು ಮಳೆಗಾಲದಲ್ಲಿ ಒಂದಾದ ಮೇಲೊಂದು ಕೊಳೆಯುತ್ತವೆ. ಮೇಲಿನಿಂದ ನೋಡಿದರೆ ಗಿಡ ಹಸಿರಾಗಿಯೇ ಕಾಣುತ್ತದೆ. ಬುಡವನ್ನು ಕಡ್ಡಿಯಿಂದ ಒತ್ತಿದರೆ ಮಾತ್ರ ಒಳಗೆ ಮೆತ್ತಗಾಗಿರುವುದು ತಿಳಿಯುತ್ತದೆ, ಕಂದು ಬಣ್ಣದ ನೀರು ಒಸರುತ್ತದೆ, ಕೊಳೆತ ವಾಸನೆ ಬರುತ್ತದೆ. ಮಾರಿದವರು "ಇದಕ್ಕೆ ನೀರೇ ಬೇಡ" ಎಂದಿದ್ದರು. ನಾನು ನೀರು ಹಾಕಿಯೂ ಇಲ್ಲ, ಮಳೆ ಹಾಕಿದೆ.

ಆರೈಕೆಯ ಸಲಹೆಗಳನ್ನು ಸ್ವಾಗತಿಸುತ್ತೇನೆ, ಆದರೆ ನನ್ನನ್ನು ಕಾಡುತ್ತಿರುವ ಪ್ರಶ್ನೆ ಬೇರೆ. ವರ್ಷಕ್ಕೆ ಹತ್ತು ಹನ್ನೆರಡು ಅಂಗುಲ ಮಳೆ ಬಿದ್ದರೆ ಹೆಚ್ಚು ಎನ್ನುವಂಥ ನೆಲದಲ್ಲಿ ಬಿಸಿಲು, ಚಳಿ ಎರಡನ್ನೂ ತಡೆದುಕೊಂಡು ತಲೆಮಾರುಗಟ್ಟಲೆ ನಿಲ್ಲುವ ಸಸ್ಯ, ಇಷ್ಟೊಂದು ಹಿತವಾದ ಹವೆಯಿರುವ ಮೈಸೂರಿನಲ್ಲಿ ಒಂದು ಮಳೆಗಾಲವನ್ನು ದಾಟಲಾರದೇ ಹೋಗುವುದೇಕೆ? ಅಲ್ಲಿ ಅದು ಏನು ಮಾಡಿ ಬದುಕುತ್ತದೆ?

ಜಯಲಕ್ಷ್ಮೀಪುರಂ ಓದುಗ:
ಕ್ಯಾಕ್ಟಸ್‌ಗೆ ನೀರು ವಿಷವಿದ್ದಂತೆ, ಅದನ್ನು ಸೂರಿನಡಿ ಇಟ್ಟು ಮರೆತುಬಿಡಿ.

ಸಸ್ಯಶಾಸ್ತ್ರದ ಮೇಷ್ಟರು (ಸರಸ್ವತಿಪುರಂ):
ಈ ಮಾತನ್ನು ಒಪ್ಪಲಾಗದು. ನೀರು ವಿಷವಾಗಿದ್ದರೆ ಕ್ಯಾಕ್ಟಸ್ ತನ್ನ ಇಡೀ ದೇಹವನ್ನು ನೀರು ತುಂಬಿಡುವುದಕ್ಕೆಂದೇ ರೂಪಿಸಿಕೊಳ್ಳುತ್ತಿರಲಿಲ್ಲ. ಅಮೆರಿಕದ ಅರಿಜೋನಾ ಮತ್ತು ಮೆಕ್ಸಿಕೋದ ಸೊನೋರಾ ಪ್ರಾಂತ್ಯಗಳಲ್ಲಿ ಬೆಳೆಯುವ ಸಗ್ವಾರೋ ಎಂಬ ದೈತ್ಯ ಕ್ಯಾಕ್ಟಸ್ ಅನ್ನು ನೋಡಿ. ಹನ್ನೆರಡು ಮೀಟರಿಗೂ ಮೀರಿ ಬೆಳೆಯಬಲ್ಲ ಆ ಗಿಡದ ಬಹುಪಾಲು ಬೇರುಗಳು ನೆಲದ ಮೇಲ್ಪದರದ ಕೆಲವೇ ಅಂಗುಲಗಳಲ್ಲಿ, ಗಿಡದ ಎತ್ತರದಷ್ಟೇ ದೂರಕ್ಕೆ ಸುತ್ತಲೂ ಹರಡಿರುತ್ತವೆ. ಅಲ್ಲಿ ಮಳೆ ಬಂದರೆ ಹೊಯ್ದು ಹೋಗುತ್ತದೆ, ನೀರು ಆಳಕ್ಕೆ ಇಳಿಯುವ ಮೊದಲೇ ಆವಿಯಾಗುತ್ತದೆ. ಆದ್ದರಿಂದ ಮೇಲ್ಪದರ ಒದ್ದೆಯಾಗಿರುವ ಅಷ್ಟೇ ಹೊತ್ತಿನಲ್ಲಿ ಸಿಕ್ಕಷ್ಟನ್ನೂ ಹೀರಿಕೊಳ್ಳಬೇಕು. ಕಾಂಡದ ಉದ್ದಕ್ಕೂ ಇರುವ ಮಡಿಕೆಗಳು ಹಾರ್ಮೋನಿಯಂನ ತಿದಿಯ ಹಾಗೆ ಬಿಚ್ಚಿಕೊಂಡು, ತೊಗಲು ಸೀಳದೆ ಗಿಡ ದಪ್ಪವಾಗುತ್ತದೆ. ತುಂಬಿ ನಿಂತ ದೊಡ್ಡ ಗಿಡವೊಂದು ಹಲವು ಟನ್ ತೂಗುತ್ತದೆ, ಅದರಲ್ಲಿ ಹೆಚ್ಚಿನ ಪಾಲು ನೀರು.

ಇನ್ನು ಕೊಳೆಯುವ ವಿಚಾರ. ಬರಗಾಲದಲ್ಲಿ ಕ್ಯಾಕ್ಟಸ್ ತನ್ನ ಎಳೆಬೇರುಗಳನ್ನು ಒಣಗಲು ಬಿಡುತ್ತದೆ, ಉಳಿದ ಬೇರುಗಳ ಮೇಲೆ ಬೆಂಡಿನ ಪದರ ಕಟ್ಟುತ್ತದೆ. ಬೇರು ಕುಗ್ಗಿ ಮಣ್ಣಿನಿಂದ ಕೊಂಚ ಬಿಡಿಸಿಕೊಳ್ಳುವುದೂ ಉಂಟು, ಏಕೆಂದರೆ ಮಣ್ಣು ಗಿಡಕ್ಕಿಂತ ಒಣಗಿದ್ದರೆ ಗಿಡದೊಳಗಿನ ನೀರೇ ಮಣ್ಣಿಗೆ ಹಿಂದಿರುಗುವ ಅಪಾಯವಿರುತ್ತದೆ. ಮಳೆ ಬಿದ್ದೊಡನೆ ಅವೇ ಬೇರುಗಳಿಂದ ಹೊಸ ಮಳೆಬೇರುಗಳು ಚಿಗುರುತ್ತವೆ. ಇಂಥ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಕೆಂಪುಮಣ್ಣು, ಸಗಣಿಗೊಬ್ಬರ ತುಂಬಿದ ಪ್ಲಾಸ್ಟಿಕ್ ಕುಂಡದಲ್ಲಿ ವಾರಗಟ್ಟಲೆ ತೇವ ನಿಂತರೆ ಬೇರು ಉಸಿರುಗಟ್ಟಿ ಸಾಯುತ್ತದೆ, ಸತ್ತ ಬೇರಿನಿಂದ ಶಿಲೀಂಧ್ರ ಮೇಲಕ್ಕೆ ಹತ್ತುತ್ತದೆ. ನಿಮ್ಮ ಗಿಡವನ್ನು ಕೊಂದದ್ದು ಮಳೆಯಲ್ಲ, ಮಳೆ ನಿಂತ ಮೇಲೂ ಒಣಗದ ಮಣ್ಣು.

ತಾರಸಿ ತೋಟ:
ಮೇಷ್ಟರೇ, ಹಾಗಾದರೆ ಮಣ್ಣಿನ ಮಿಶ್ರಣದಲ್ಲಿ ಏನಿರಬೇಕು? ಎಂ-ಸ್ಯಾಂಡ್ ಸೇರಿಸಿದರೆ ಸಾಕೇ?

ಹೆಬ್ಬಾಳದ ಹವ್ಯಾಸಿ (ಮೈಸೂರು):
ಎಂ-ಸ್ಯಾಂಡ್ ಅನ್ನು ಹಾಗೆಯೇ ಹಾಕಬೇಡಿ, ಅದರಲ್ಲಿರುವ ನುಣುಪು ಪುಡಿ ನೀರು ಬಿದ್ದೊಡನೆ ಗಟ್ಟಿಯಾಗಿ ಕೂರುತ್ತದೆ. ಜರಡಿಯಾಡಿಸಿ, ತೊಳೆದು, ಒರಟು ಕಾಳನ್ನು ಮಾತ್ರ ಬಳಸಬೇಕು. ಅದಕ್ಕೆ ಇಟ್ಟಿಗೆ ಚೂರು, ಇದ್ದಿಲು ಸೇರಿಸಿ, ಮಣ್ಣನ್ನು ಕಾಲುಭಾಗಕ್ಕೆ ಇಳಿಸಿ, ಸುಟ್ಟ ಮಣ್ಣಿನ ಕುಂಡ ಆರಿಸಿಕೊಳ್ಳಿ. ನಮ್ಮಲ್ಲಿ ಮೇ ತಿಂಗಳ ಮಳೆಯಿಂದ ಅಷ್ಟು ತೊಂದರೆಯಿಲ್ಲ, ಏಕೆಂದರೆ ಮರುದಿನ ಬಿಸಿಲು ಬರುತ್ತದೆ. ಜುಲೈ ತಿಂಗಳ ಮೋಡ ಮುಚ್ಚಿದ ಜಿಟಿಜಿಟಿ ಮಳೆಯೇ ಗಿಡವನ್ನು ಕೊಲ್ಲುವುದು, ಆಗ ಮೇಲೊಂದು ಪಾರದರ್ಶಕ ಶೀಟು ಹೊದಿಸಬೇಕು.

ಇನ್ನೊಂದು ವಿಷಯ. ತಲೆಯ ಮೇಲೆ ಕೆಂಪು ಅಥವಾ ಹಳದಿ ಉಂಡೆ ಇರುವ ಕ್ಯಾಕ್ಟಸ್ ನಿಮ್ಮಲ್ಲಿದ್ದರೆ ಅದರ ಸಾವಿಗೆ ಕೊರಗಬೇಡಿ. ಆ ಉಂಡೆಯಲ್ಲಿ ಪತ್ರಹರಿತ್ತು ಇಲ್ಲದ ಕಾರಣ ಅದು ತನ್ನ ಆಹಾರವನ್ನು ತಾನು ತಯಾರಿಸಿಕೊಳ್ಳಲಾರದು. ಕೆಳಗಿನ ಹಸಿರು ಕಾಂಡಕ್ಕೆ ಕಸಿ ಕಟ್ಟಿರುತ್ತಾರೆ. ಅಂಥದ್ದು ಯಾವ ಮರುಭೂಮಿಯಲ್ಲಿಯೂ ತಾನಾಗಿ ಬೆಳೆಯುವುದಿಲ್ಲ.

ನಾಗಮಂಗಲದ ಗೌಡ:
ಮೇಷ್ಟರೇ, ನಿಮ್ಮ ಮಾತಿಗೆ ನನ್ನ ಹೊಲವೇ ಅಡ್ಡ ಬರುತ್ತಿದೆ. ನಾವು ಡ್ರ್ಯಾಗನ್ ಫ್ರೂಟ್ ಹಾಕಿದ್ದೇವೆ, ಅದೂ ಕ್ಯಾಕ್ಟಸ್ ಎಂದು ತೋಟಗಾರಿಕೆಯವರು ಹೇಳುತ್ತಾರೆ. ಅದಕ್ಕೆ ಕೊಟ್ಟಿಗೆಗೊಬ್ಬರ ಬೇಕು, ಬೇಸಿಗೆಯಲ್ಲಿ ಹನಿ ನೀರಾವರಿ ಬೇಕು, ಉರಿಬಿಸಿಲಿನಲ್ಲಿ ಕಾಂಡ ಹಳದಿಯಾಗಿ ಸುಡುತ್ತದೆ. ಮರುಭೂಮಿಯ ಗಿಡ ಬಿಸಿಲಿಗೆ ಸುಡುವುದುಂಟೇ?

ಸಸ್ಯಶಾಸ್ತ್ರದ ಮೇಷ್ಟರು:
ಗೌಡರೇ, ಕ್ಯಾಕ್ಟಸ್‌ಗಳೆಲ್ಲ ಮರುಭೂಮಿಯವಲ್ಲ. ಡ್ರ್ಯಾಗನ್ ಫ್ರೂಟ್ ಮಧ್ಯ ಅಮೆರಿಕದ ಕಾಡುಗಳಲ್ಲಿ ಮರಗಳನ್ನು ತಬ್ಬಿ ಹತ್ತುವ ಬಳ್ಳಿ. ಅರೆನೆರಳು ಅದಕ್ಕೆ ಹುಟ್ಟಿನಿಂದ ಬಂದದ್ದು, ಕೊಳೆತ ತರಗೆಲೆ ಅದರ ಗೊಬ್ಬರ. ಮೈಸೂರಿನ ಎಷ್ಟೋ ಮನೆಗಳ ಮುಂದೆ ರಾತ್ರಿ ಅರಳುವ ಬ್ರಹ್ಮಕಮಲವೂ ಇದೇ ಕುಟುಂಬಕ್ಕೆ ಸೇರಿದ ಕಾಡಿನ ಕ್ಯಾಕ್ಟಸ್.

ಒಂಟಿಕೊಪ್ಪಲು ಗೃಹಿಣಿ:
ಬ್ರಹ್ಮಕಮಲ ಕ್ಯಾಕ್ಟಸ್ ಹೇಗಾಗುತ್ತದೆ, ಮೇಷ್ಟರೇ? ಅದಕ್ಕೆ ಮುಳ್ಳಿಲ್ಲ, ಅಗಲವಾದ ಎಲೆಗಳಿವೆ, ಎಲೆಯಿಂದಲೇ ಹೂ ಬರುತ್ತದೆ. ಅದು ಹಿಮಾಲಯದ ಹೂವೆಂದು ನಮ್ಮ ಅತ್ತೆಯವರು ಹೇಳುತ್ತಿದ್ದರು.

ಹೆಬ್ಬಾಳದ ಹವ್ಯಾಸಿ:
ಅಮ್ಮ, ಹಿಮಾಲಯದ ಬ್ರಹ್ಮಕಮಲ ಸೂರ್ಯಕಾಂತಿಯ ಕುಟುಂಬದ ಬೇರೆಯೇ ಸಸ್ಯ. ನಮ್ಮ ಮನೆಗಳಲ್ಲಿರುವುದು ಮೆಕ್ಸಿಕೋ, ಗ್ವಾಟೆಮಾಲಾ ಕಡೆಯ ಮರಗಳ ಮೇಲೆ ಬೆಳೆಯುವಂಥದ್ದು. ನೀವು ಎಲೆ ಎನ್ನುತ್ತಿರುವುದು ಚಪ್ಪಟೆಯಾದ ಕಾಂಡ. ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಕಚ್ಚು ಬಿದ್ದಲ್ಲೆಲ್ಲ ಒಂದು ಸಣ್ಣ ಚುಕ್ಕೆ ಕಾಣುತ್ತದೆ, ಮೊಗ್ಗು ಹೊರಡುವುದೂ ಹೊಸ ಕಾಂಡ ಹೊರಡುವುದೂ ಆ ಚುಕ್ಕೆಯಿಂದಲೇ. ಆ ಚುಕ್ಕೆಗೆ ಏರಿಯೋಲ್ ಎನ್ನುತ್ತಾರೆ. ಮರುಭೂಮಿಯ ಕ್ಯಾಕ್ಟಸ್‌ಗಳಲ್ಲಿ ಮುಳ್ಳಿನ ಗೊಂಚಲು ಏಳುವುದು ಅದೇ ಜಾಗದಲ್ಲಿ. ಕ್ಯಾಕ್ಟಸ್‌ನ ಗುರುತು ಮುಳ್ಳಲ್ಲ, ಏರಿಯೋಲ್.

ಮೇಲುಕೋಟೆಯ ದಾರಿಹೋಕ:
ಮೇಲುಕೋಟೆ, ಪಾಂಡವಪುರದ ಕಡೆ ಹೊಲದ ಬೇಲಿಗಳಲ್ಲಿ ಒತ್ತೊತ್ತಾಗಿ ಬೆಳೆಯುವ ಬೊಂತಗಳ್ಳಿ ಮತ್ತು ಮೂಲೆಮೂಲೆಯಾದ ಕಾಂಡದ ಮುಳ್ಳುಗಳ್ಳಿ ಯಾವ ಲೆಕ್ಕಕ್ಕೆ ಬರುತ್ತವೆ?

ಹೆಬ್ಬಾಳದ ಹವ್ಯಾಸಿ:
ಅವು ಕ್ಯಾಕ್ಟಸ್ ಅಲ್ಲ, ಯುಫೋರ್ಬಿಯಾ. ಚುಚ್ಚಿದರೆ ಬಿಳಿ ಹಾಲು ಬರುತ್ತದೆ, ಮುಳ್ಳುಗಳ್ಳಿಯಲ್ಲಿ ಮುಳ್ಳುಗಳು ಜೋಡಿಯಾಗಿ ಹೊರಡುತ್ತವೆ, ಏರಿಯೋಲ್ ಇರುವುದಿಲ್ಲ. ಕ್ಯಾಕ್ಟಸ್‌ಗಳು ಬಹುತೇಕ ಎಲ್ಲವೂ ಅಮೆರಿಕ ಖಂಡಗಳವು, ಯುಫೋರ್ಬಿಯಾಗಳು ಆಫ್ರಿಕಾ, ಏಷ್ಯಾಗಳಲ್ಲಿ ತಮ್ಮ ಪಾಡಿಗೆ ತಾವು ಬೆಳೆದು ಅದೇ ರೂಪಕ್ಕೆ ಬಂದವು. ರಕ್ತಸಂಬಂಧವಿಲ್ಲದ ಎರಡು ಕುಟುಂಬಗಳು ಬರಕ್ಕೆ ಒಂದೇ ಉತ್ತರ ಕಂಡುಕೊಂಡಿರುವುದು ನನಗೆ ಇಡೀ ಸಸ್ಯಶಾಸ್ತ್ರದಲ್ಲೇ ಬಹಳ ಸೋಜಿಗದ ಸಂಗತಿ. ಬೇಲಿ ಸವರುವವರು ದಯವಿಟ್ಟು ಕಣ್ಣು ಜೋಪಾನ ಮಾಡಿಕೊಳ್ಳಿ: ಆ ಹಾಲು ಕಣ್ಣಿಗೆ ಸಿಡಿದರೆ ವಿಪರೀತ ಉರಿಯುತ್ತದೆ, ದೃಷ್ಟಿಗೂ ತೊಂದರೆಯಾಗಬಹುದು. ಕೂಡಲೇ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಬೇಕು.

ಜಯಲಕ್ಷ್ಮೀಪುರಂ ಓದುಗ:
ಇಷ್ಟೆಲ್ಲ ಚರ್ಚೆಯಲ್ಲಿ ಮುಖ್ಯ ವಿಷಯವೇ ಬಿಟ್ಟುಹೋಗಿದೆ. ಕ್ಯಾಕ್ಟಸ್, ಲೋಳೆಸರ ಮತ್ತು ಈಗ ಎಲ್ಲರೂ ಮಲಗುವ ಕೋಣೆಯಲ್ಲಿಡುವ ಸ್ನೇಕ್ ಪ್ಲಾಂಟ್ ರಾತ್ರಿ ಆಮ್ಲಜನಕ ಬಿಡುತ್ತವೆ. ಮರುಭೂಮಿಯ ಗಿಡಗಳ ವಿಶೇಷವೇ ಅದು.

ಸಸ್ಯಶಾಸ್ತ್ರದ ಮೇಷ್ಟರು:
ಈ ಮಾತು ವಾಟ್ಸ್ಆ್ಯಪ್‌ನಲ್ಲಿ ಎಷ್ಟು ಸುತ್ತಿದರೂ ನಿಜವಾಗುವುದಿಲ್ಲ. ದ್ಯುತಿಸಂಶ್ಲೇಷಣೆಯಲ್ಲಿ ಆಮ್ಲಜನಕ ಬರುವುದು ಬೆಳಕಿನ ಬಲದಿಂದ ನೀರಿನ ಅಣು ಒಡೆದಾಗ. ಬೆಳಕಿಲ್ಲದ ರಾತ್ರಿಯಲ್ಲಿ ಯಾವ ಗಿಡವೂ ಆಮ್ಲಜನಕ ತಯಾರಿಸಲಾರದು. ಈ ಗಿಡಗಳು ರಾತ್ರಿ ಮಾಡುವುದು ಬೇರೆಯದೇ ಕೆಲಸ, ಮತ್ತು ಅದು ಆ ವದಂತಿಗಿಂತ ಹೆಚ್ಚು ಸ್ವಾರಸ್ಯದ್ದು.

ಎಲೆಯ ಮೇಲಿನ ಪತ್ರರಂಧ್ರ ತೆರೆಯದೆ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದಿಲ್ಲ, ತೆರೆದರೆ ಒಳಗಿನ ನೀರಾವಿ ಹೊರಗೆ ಹೋಗದೆ ಇರುವುದಿಲ್ಲ. ಎಲ್ಲ ಗಿಡಗಳ ಸಂಕಟವೂ ಇದೇ. ಭತ್ತ, ಹುಣಸೆ, ಮಾವು ಹಗಲಿನಲ್ಲಿ ರಂಧ್ರ ತೆರೆದು ಆ ನಷ್ಟವನ್ನು ತಾಳಿಕೊಳ್ಳುತ್ತವೆ. ಕ್ಯಾಕ್ಟಸ್ ಹಗಲು ರಂಧ್ರಗಳನ್ನು ಮುಚ್ಚಿಕೊಂಡಿದ್ದು, ಹವೆ ತಣ್ಣಗಾಗಿ ಗಾಳಿಯ ತೇವ ಹೆಚ್ಚಿದ ರಾತ್ರಿಯ ವೇಳೆಯಲ್ಲಿ ತೆರೆಯುತ್ತದೆ. ಆಗ ಒಳಬಂದ ಇಂಗಾಲದ ಡೈಆಕ್ಸೈಡ್ ಅನ್ನು ಮ್ಯಾಲಿಕ್ ಆಮ್ಲವಾಗಿ ಮಾಡಿ ಜೀವಕೋಶದ ರಸದಾನಿಯಲ್ಲಿ ತುಂಬಿಡುತ್ತದೆ. ಬೆಳಗಾದ ಮೇಲೆ ರಂಧ್ರ ಮುಚ್ಚಿಕೊಂಡು, ಆ ಆಮ್ಲದಿಂದ ಇಂಗಾಲದ ಡೈಆಕ್ಸೈಡ್ ಅನ್ನು ಮತ್ತೆ ಬಿಡಿಸಿ, ಸೂರ್ಯನ ಬೆಳಕಿನಲ್ಲಿ ಸಕ್ಕರೆ ತಯಾರಿಸುತ್ತದೆ. ಇದನ್ನು ಚಿಕ್ಕದಾಗಿ ಕ್ಯಾಮ್ ವಿಧಾನ ಎನ್ನುತ್ತಾರೆ. ಅನಾನಸ್, ಕತ್ತಾಳೆ, ಹಲವು ಸೀತಾಳೆಗಳು ಈ ದಾರಿಯವೇ.

ಇದರ ಮೊದಲ ಸುಳಿವುಗಳಲ್ಲೊಂದು ಸಿಕ್ಕಿದ್ದು ಭಾರತದಲ್ಲಿ ಕೆಲಸ ಮಾಡಿದ ಒಬ್ಬರಿಗೆ ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿದಿಲ್ಲ. 1799ರ ಬಳಿಕ ನಡೆದ ಮೈಸೂರು ಸರ್ವೆಯಲ್ಲಿ ಸಸ್ಯತಜ್ಞರಾಗಿದ್ದ, ಬೆಂಗಳೂರಿನ ಲಾಲ್‌ಬಾಗ್‌ನ ಹೊಣೆಯನ್ನೂ ಹೊತ್ತಿದ್ದ ಬೆಂಜಮಿನ್ ಹೈನೆ, ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿಯಾಗಿ, ಮಧ್ಯಾಹ್ನ ಸಪ್ಪೆಯಾಗಿ, ಸಂಜೆಯ ಹೊತ್ತಿಗೆ ಕೊಂಚ ಕಹಿಯಾಗಿರುವುದನ್ನು ಗಮನಿಸಿ ಲಂಡನ್ನಿನ ಲಿನಿಯನ್ ಸೊಸೈಟಿಗೆ ಬರೆದರು. ಅದು 1815ರಲ್ಲಿ ಅಚ್ಚಾಯಿತು. ಆ ಹುಳಿ ಮ್ಯಾಲಿಕ್ ಆಮ್ಲದ್ದು.

ಒಂಟಿಕೊಪ್ಪಲು ಗೃಹಿಣಿ:
ನಮ್ಮ ಹಿತ್ತಲಿನಲ್ಲಿ ಕಾಡುಬಸಳೆ ಇರುವುದರಿಂದ ಒಂದು ಎಲೆಯನ್ನು ಸೂರ್ಯ ಹುಟ್ಟುವ ಮೊದಲೇ ಕಿತ್ತು ತುದಿಯನ್ನು ಕಚ್ಚಿ ನೋಡಿದೆ. ಹುಣಸೆಯ ಚಿಗುರಿಗಿಂತ ಸ್ವಲ್ಪ ಕಡಿಮೆ ಎನ್ನುವಷ್ಟು ಹುಳಿಯಿತ್ತು. ಸಂಜೆ ದೀಪ ಹಚ್ಚುವ ಮೊದಲು ಅದೇ ಗಿಡದ, ಅದೇ ಗೆಣ್ಣಿನ ಜೋಡಿ ಎಲೆಯನ್ನು ಕಚ್ಚಿದರೆ ಹುಳಿಯ ಸುಳಿವೇ ಇಲ್ಲ, ನೀರುನೀರಾದ ಒಗರು ಮಾತ್ರ ಇತ್ತು. ಇಷ್ಟು ವರ್ಷ ಆ ಗಿಡಕ್ಕೆ ನೀರು ಹಾಕಿಕೊಂಡು ಬಂದಿದ್ದರೂ ಅದು ಹೊತ್ತಿಗೊಂದು ರುಚಿಯಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಸಸ್ಯಶಾಸ್ತ್ರದ ಮೇಷ್ಟರು:
ಬಹಳ ಸಂತೋಷ, ಅಮ್ಮ. ಕಚ್ಚಿ ಉಗಿದರೆ ಸಾಕು, ನುಂಗಬೇಡಿ. ದನಕರುಗಳು ಅದನ್ನು ಹೆಚ್ಚು ತಿಂದರೆ ಹೃದಯಕ್ಕೆ ತೊಂದರೆಯಾಗುವಂಥ ಅಂಶಗಳು ಆ ಗಿಡದಲ್ಲಿವೆ.

ವಿ.ಸಿ. ನಾಲೆಯ ಬಯಲು (ಮಂಡ್ಯ):
ನನ್ನದು ನೇರ ಪ್ರಶ್ನೆ. ಕಟ್ಟೆ ತುಂಬದ ವರ್ಷ ನಾಲೆಯ ನೀರಿಗಾಗಿ ನಾವು ರಸ್ತೆಯಲ್ಲಿ ಕೂರುತ್ತೇವೆ. ಕ್ಯಾಕ್ಟಸ್‌ಗೆ ಇಷ್ಟು ಒಳ್ಳೆಯ ವಿದ್ಯೆ ಗೊತ್ತಿರುವಾಗ, ಅದನ್ನು ಭತ್ತಕ್ಕೆ ಕಲಿಸುವುದು ಬಿಟ್ಟು ವಿಜ್ಞಾನಿಗಳು ಏನು ಮಾಡುತ್ತಿದ್ದಾರೆ? ಯಾವ ಗಿಡ ಎಷ್ಟು ನೀರು ಕುಡಿಯುತ್ತದೆ ಎಂಬ ಲೆಕ್ಕವಾದರೂ ಇದೆಯೇ?

ಸಸ್ಯಶಾಸ್ತ್ರದ ಮೇಷ್ಟರು:
ಲೆಕ್ಕವಿದೆ. ಒಂದು ಗ್ರಾಂ ಇಂಗಾಲದ ಡೈಆಕ್ಸೈಡ್ ಗಳಿಸುವುದಕ್ಕೆ ಭತ್ತ, ಗೋಧಿಯಂಥ ಸಸ್ಯಗಳು ಸುಮಾರು 400ರಿಂದ 500 ಗ್ರಾಂ ನೀರನ್ನು ಆವಿಯಾಗಿ ಕಳೆದುಕೊಳ್ಳುತ್ತವೆ. ಕಬ್ಬು, ರಾಗಿ, ಮುಸುಕಿನ ಜೋಳದಂಥವು 250ರಿಂದ 300 ಗ್ರಾಂ. ಕ್ಯಾಕ್ಟಸ್, ಕತ್ತಾಳೆಯಂಥ ಕ್ಯಾಮ್ ಸಸ್ಯಗಳು 50ರಿಂದ 100 ಗ್ರಾಂ ಮಾತ್ರ.

ಆದರೆ ಭತ್ತದ ಎಲೆ ತೆಳ್ಳಗಿದೆ. ರಾತ್ರಿಯಿಡೀ ಗಳಿಸಿದ ಆಮ್ಲವನ್ನು ಬೆಳಗಿನವರೆಗೆ ಇಡಲು ದೊಡ್ಡ ರಸದಾನಿಗಳಿರುವ ದಪ್ಪ ಅಂಗಾಂಶ ಬೇಕು, ಇಲ್ಲದಿದ್ದರೆ ಒಂದು ರಾತ್ರಿಯ ಗಳಿಕೆಗೆ ಅಲ್ಲೇ ಮಿತಿ ಬೀಳುತ್ತದೆ. ಸಗ್ವಾರೋ ಸಸಿ ಮೊದಲ ಎಂಟು ವರ್ಷಗಳಲ್ಲಿ ಬೆಳೆಯುವುದು ಒಂದರಿಂದ ಒಂದೂವರೆ ಅಂಗುಲ. ತೋಳಿನಂಥ ಕವಲು ಒಡೆಯುವುದಕ್ಕೆ 50ರಿಂದ 75 ವರ್ಷ ಬೇಕು, ಅದಕ್ಕಿಂತ ಹೆಚ್ಚೂ ಆಗಬಹುದು. ನೂರ ಇಪ್ಪತ್ತು ದಿನಗಳಲ್ಲಿ ಕಾಳು ಕಟ್ಟಬೇಕಾದ ಬೆಳೆಗೆ ಆ ನಿಧಾನ ಹೊಂದುವುದಿಲ್ಲ. ಮರುಭೂಮಿಯ ಗಿಡಗಳು ನೀರನ್ನು ಉಳಿಸುವುದಕ್ಕೆ ಕಾಲವನ್ನು ಬೆಲೆಯಾಗಿ ತೆರುತ್ತವೆ.

ವಿ.ಸಿ. ನಾಲೆಯ ಬಯಲು:
ನಿಮ್ಮ ಲೆಕ್ಕದ ಪ್ರಕಾರ ಕಬ್ಬು ಭತ್ತಕ್ಕಿಂತ ಮಿತವ್ಯಯಿ ಎಂದಾಯಿತು. ಹಾಗಾದರೆ ಕಬ್ಬಿನಿಂದ ನೀರೆಲ್ಲ ಖಾಲಿಯಾಗುತ್ತದೆ ಎಂದು ಎಲ್ಲರೂ ನಮ್ಮನ್ನು ದೂರುವುದೇಕೆ?

ನಾಗಮಂಗಲದ ಗೌಡ:
ಗ್ರಾಂ ಲೆಕ್ಕದಲ್ಲಿ ಮಿತವಾದರೂ ಅದು ವರ್ಷವಿಡೀ ಹೊಲದಲ್ಲಿ ನಿಂತು ಎಕರೆಗೆ ಹತ್ತಾರು ಟನ್ ತೂಗುವ ಬೆಳೆ, ಒಟ್ಟು ನೀರು ಹೆಚ್ಚಾಗದೆ ಇರುತ್ತದೆಯೇ? ಮಳೆಯನ್ನೇ ನಂಬಿರುವ ನಮ್ಮ ಕಡೆ ರಾಗಿ, ಹುರುಳಿ ಹಾಕುವುದು ಬಡತನದಿಂದಷ್ಟೇ ಅಲ್ಲ, ನೆಲ ನೋಡಿಕೊಂಡು.

ಮಳವಳ್ಳಿಯ ಹಿರಿಯ:
ಎಲ್ಲ ಕ್ಯಾಕ್ಟಸ್‌ಗಳೂ ನಿಧಾನ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಪಾಪಾಸುಕಳ್ಳಿ ಒಂದು ಹಲಗೆ ಬಿದ್ದಲ್ಲಿ ಬೇರೂರಿ ಗೋಮಾಳವನ್ನೇ ಆವರಿಸುತ್ತಿತ್ತೆಂದು ನಮ್ಮ ತಂದೆಯವರು ಹೇಳುತ್ತಿದ್ದರು. ಅದರ ಕೆಂಪು ಹಣ್ಣನ್ನು ಒರಟು ಬಂಡೆಯ ಮೇಲೆ ಉರುಳಿಸಿ, ಸಣ್ಣ ಮುಳ್ಳುಗಳನ್ನು ತೇಯ್ದು ತೆಗೆದು ತಿನ್ನುವುದು ನಮ್ಮ ಬಾಲ್ಯದ ರೂಢಿ. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಆ ಮುಳ್ಳು ನಾಲಿಗೆಗೆ ನೆಟ್ಟರೆ ಎರಡು ದಿನ ಊಟ ಮಾಡುವುದು ಕಷ್ಟವಾಗುತ್ತಿತ್ತು. ಆಮೇಲೆ ಆ ಗಿಡ ಎಲ್ಲಿ ಹೋಯಿತು?

ಹೆಬ್ಬಾಳದ ಹವ್ಯಾಸಿ:
ನೀವು ಹೇಳುವುದು ಸರಿ, ನೀರು ಸಿಕ್ಕರೆ ಪಾಪಾಸುಕಳ್ಳಿ ಬಹಳ ಬೇಗ ಹಬ್ಬುತ್ತದೆ. ಅದನ್ನು ಅಡಗಿಸಿದ್ದು ಕೊಚಿನಿಯಲ್ ಎಂಬ ಕೀಟ. 1795ರಲ್ಲಿ ಬ್ರೆಜಿಲ್‌ನಿಂದ ಕೆಂಪು ಬಣ್ಣ ತೆಗೆಯುವ ಆಸೆಯಿಂದ ಭಾರತಕ್ಕೆ ತಂದ ಕೀಟ, ಬಣ್ಣಕ್ಕೆ ಬೇಕಾದ ಜಾತಿಯದಲ್ಲದಿದ್ದರೂ ಒಂದು ಬಗೆಯ ಪಾಪಾಸುಕಳ್ಳಿಯನ್ನು ತಿಂದುಹಾಕಿತು. ಇನ್ನೊಂದು ಬಗೆ ಉಳಿದುಕೊಂಡು ಹಬ್ಬುತ್ತಿದ್ದುದರಿಂದ 1926ರಲ್ಲಿ ಬೇರೊಂದು ಕೊಚಿನಿಯಲ್ ಜಾತಿಯನ್ನು ದಕ್ಷಿಣ ಭಾರತದಲ್ಲಿ ಬಿಟ್ಟರು. ಈಗಲೂ ಅಲ್ಲಲ್ಲಿ ಉಳಿದಿರುವ ಗಿಡಗಳ ಹಲಗೆಯ ಮೇಲೆ ಹತ್ತಿಯ ಎಳೆಯಂಥ ಬಿಳಿ ಅಂಟು ಕಂಡರೆ ಕಡ್ಡಿಯಿಂದ ಅರೆದು ನೋಡಿ, ಕುಂಕುಮಕ್ಕಿಂತ ಗಾಢವಾದ ಕೆಂಪು ರಸ ಹೊರಡುತ್ತದೆ.

ಮೇಲುಕೋಟೆಯ ದಾರಿಹೋಕ:
ಮುಳ್ಳು ಇರುವುದು ಪ್ರಾಣಿಗಳನ್ನು ದೂರವಿಡುವುದಕ್ಕೆ ಮಾತ್ರವೇ? ಹಾಗೆಯೇ, ದಾಹವಾದಾಗ ಕ್ಯಾಕ್ಟಸ್ ಕತ್ತರಿಸಿ ನೀರು ಕುಡಿಯಬಹುದು ಎನ್ನುತ್ತಾರಲ್ಲ?

ಸಸ್ಯಶಾಸ್ತ್ರದ ಮೇಷ್ಟರು:
ಕುಡಿಯಬಾರದು. ಒಳಗಿರುವುದು ಕೊಳವೆಯಿಂದ ಬರುವ ನೀರಲ್ಲ, ಆಮ್ಲ ಮತ್ತು ಕ್ಷಾರಾಭಗಳು ಸೇರಿದ ಲೋಳೆ. ಬಹುತೇಕ ಜಾತಿಗಳದ್ದು ವಾಂತಿ ಭೇದಿ ತರಿಸಿ, ಮೈಯಲ್ಲಿದ್ದ ನೀರನ್ನೂ ಕಳೆಯುತ್ತದೆ. ಮುಳ್ಳು ರಕ್ಷಣೆಗೂ ಹೌದು, ನೆರಳಿಗೂ ಹೌದು. ಒತ್ತಾದ ಮುಳ್ಳು ಕಾಂಡದ ಮೇಲೆ ಬೀಳುವ ಬಿಸಿಲನ್ನು ತಗ್ಗಿಸುತ್ತದೆ, ಮೈಗೆ ತಾಗುವ ಒಣಗಾಳಿಯನ್ನು ತಡೆಯುತ್ತದೆ. ಸಗ್ವಾರೋದ ನೆತ್ತಿಯಲ್ಲಿ ದಟ್ಟವಾಗಿರುವ ಮುಳ್ಳು ಮತ್ತು ರೋಮ ಚಳಿಗಾಲದ ರಾತ್ರಿ ಎಳೆಯ ತುದಿ ಹೆಪ್ಪುಗಟ್ಟದಂತೆ ಕಾಯುತ್ತವೆ. ಆ ಗಿಡಕ್ಕೆ ಬಿಸಿಲಿಗಿಂತ ಹಿಮವೇ ದೊಡ್ಡ ಶತ್ರು.

ಬನ್ನಿಮಂಟಪ ನಿವಾಸಿ:
ಮರುಭೂಮಿ ಎಂದೊಡನೆ ಎಲ್ಲರೂ ಅಮೆರಿಕಕ್ಕೆ ಓಡುತ್ತಿದ್ದೀರಿ. ನಮ್ಮ ದೇಶದಲ್ಲೇ ಥಾರ್ ಇದೆ, ಅಲ್ಲಿ ಸ್ವಾಭಾವಿಕವಾಗಿ ಒಂದು ಕ್ಯಾಕ್ಟಸ್ ಕೂಡ ಇರಲಿಲ್ಲ. ಹಾಗಿದ್ದರೂ ಗಿಡಮರಗಳು ಬದುಕಿವೆ. ಅಲ್ಲಿನ ಜೀವನಾಡಿ ಎನ್ನಿಸಿಕೊಂಡ ಖೇಜ್ರಿ ನಮ್ಮ ಬನ್ನಿ ಮರವೇ. ದಸರಾ ಜಂಬೂಸವಾರಿ ಯಾವ ಮರದ ಹೆಸರಿನ ಮಂಟಪದಲ್ಲಿ ಮುಗಿಯುತ್ತದೆಯೋ ಅದೇ ಮರ ಇಂದು ರಾಜಸ್ಥಾನದ ರಾಜ್ಯವೃಕ್ಷ. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿಯಲ್ಲಿ ಬಿಷ್ಣೋಯಿ ಜನ ಈ ಮರಗಳನ್ನು ತಬ್ಬಿ ಪ್ರಾಣ ಕೊಟ್ಟರು. ಅದು ನೀರು ಕೂಡಿಡುವುದಿಲ್ಲ, ಬೇರನ್ನು ಬಹಳ ಆಳಕ್ಕೆ ಇಳಿಸಿ ಇತರ ಗಿಡಗಳಿಗೆ ಎಟುಕದ ನೀರನ್ನು ತೆಗೆಯುತ್ತದೆ. ಸುತ್ತೆಲ್ಲ ಒಣಗಿರುವ ಬೇಸಿಗೆಯಲ್ಲಿ ಅದು ಹೊಸ ಎಲೆ ಬಿಡುತ್ತದೆ, ಒಂಟೆ ಮೇಕೆಗಳಿಗೆ ಮೇವು ಕೊಡುತ್ತದೆ.

ಸಸ್ಯಶಾಸ್ತ್ರದ ಮೇಷ್ಟರು:
ಸರಿಯಾದ ಕಡೆಗೆ ಚರ್ಚೆಯನ್ನು ತಂದಿರಿ. ಇದೇ ಪಂಗಡದ ಮೆಸ್ಕೀಟ್ ಜಾಲಿಯ ಬೇರುಗಳು ಅರಿಜೋನಾದ ಟೂಸಾನ್ ಬಳಿಯ ಒಂದು ತೆರೆದ ಗಣಿಯಲ್ಲಿ 53 ಮೀಟರ್ ಆಳದಲ್ಲಿ ಸಿಕ್ಕಿದ್ದವು. ಮೂರನೆಯ ದಾರಿಯೂ ಒಂದಿದೆ. ಮರುಭೂಮಿಯ ಎಷ್ಟೋ ಸಣ್ಣ ಗಿಡಗಳು ಬರವನ್ನು ಎದುರಿಸುವುದೇ ಇಲ್ಲ, ಬೀಜವಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿರುತ್ತವೆ. ಕೆಲವು ಬೀಜಗಳ ಸಿಪ್ಪೆಯಲ್ಲಿ ಮೊಳಕೆಯನ್ನು ತಡೆಯುವ ರಾಸಾಯನಿಕವಿದ್ದು, ಒಂದು ಹನಿ ಮಳೆಗೆ ಅದು ಹೋಗುವುದಿಲ್ಲ. ಗಿಡ ಹುಟ್ಟಿ, ಹೂ ಬಿಟ್ಟು, ಬೀಜ ಕಟ್ಟುವಷ್ಟು ನೀರು ಸುರಿದರೆ ಮಾತ್ರ ತೊಳೆದುಹೋಗುತ್ತದೆ. ನಮೀಬಿಯಾದ ವೆಲ್ವಿಚಿಯಾ ಎರಡೇ ಎಲೆಗಳಲ್ಲಿ ಸಾವಿರ ವರ್ಷ ಬದುಕುವುದು ಮತ್ತೊಂದು ಕಥೆ, ಅದಕ್ಕೆ ಬೇರೆ ಚರ್ಚೆಯೇ ಬೇಕು.

ಜಯಲಕ್ಷ್ಮೀಪುರಂ ಓದುಗ:
ಹಾಗಿದ್ದರೆ ನಾಗಮಂಗಲದ ಒಣ ಗೋಮಾಳಗಳಲ್ಲಿ ಬಳ್ಳಾರಿ ಜಾಲಿ, ಪಾಪಾಸುಕಳ್ಳಿ ಎರಡನ್ನೂ ಬೆಳೆಸಬಹುದಲ್ಲ? ಬರ ತಡೆಯುವ ಗಿಡಗಳೇ ತಾನೇ?

ನಾಗಮಂಗಲದ ಗೌಡ:
ದಯವಿಟ್ಟು ಆ ಸಲಹೆ ಬೇಡ. ಬಳ್ಳಾರಿ ಜಾಲಿ ಹೊರದೇಶದಿಂದ ಬಂದು ಕೆರೆಯಂಗಳ, ಗೋಮಾಳ ಎಲ್ಲವನ್ನೂ ನುಂಗಿದೆ. ಅದರಡಿಯಲ್ಲಿ ಹುಲ್ಲು ಬೆಳೆಯುವುದಿಲ್ಲ, ಕುರಿ ಮೇಯಿಸುವವರಿಗೆ ಕಾಲಿಡಲು ಜಾಗವಿಲ್ಲ. ಬರ ತಡೆಯುತ್ತದೆ ಎಂಬ ಒಂದೇ ಗುಣಕ್ಕೆ ಯಾವ ಗಿಡವನ್ನಾದರೂ ತಂದು ನೆಟ್ಟರೆ ಆಮೇಲೆ ಕೀಳುವವರು ನಾವೇ. ಗೋಮಾಳಕ್ಕೆ ಬನ್ನಿ, ಹೊಂಗೆ, ಕಗ್ಗಲಿ ಸಾಕು. ಬನ್ನಿಯ ನೆರಳಿನಲ್ಲಿ ಬೆಳೆಯೂ ಬರುತ್ತದೆ, ಅದರ ಬೇರು ಮಣ್ಣಿಗೆ ಸಾರಜನಕವನ್ನೂ ಕೂಡಿಸುತ್ತದೆ.

ಬನ್ನಿಮಂಟಪ ನಿವಾಸಿ:
ಗೌಡರೇ, ಬೀಜ ಬೇಕಿದ್ದರೆ ಹೇಳಿ, ಕಳಿಸುತ್ತೇನೆ. ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಉದ್ದನೆಯ ಚೀಲಗಳಲ್ಲಿ ಬಿತ್ತಿ, ಗಿಡ್ಡ ಚೀಲವಾದರೆ ತಾಯಿಬೇರು ಸುರುಳಿ ಸುತ್ತಿಕೊಳ್ಳುತ್ತದೆ. ನೆಟ್ಟ ಮೊದಲೆರಡು ವರ್ಷ ಸಸಿ ಬೆಳೆದಂತೆಯೇ ಕಾಣುವುದಿಲ್ಲ, ಏಕೆಂದರೆ ಆಗ ಅದು ಕೆಳಕ್ಕೆ ಬೆಳೆಯುತ್ತಿರುತ್ತದೆ. ಕಿತ್ತು ನೋಡಬೇಡಿ, ಸುತ್ತ ಮುಳ್ಳು ಹೊದಿಸಿ ಮೇಕೆಗಳಿಂದ ಕಾಪಾಡಿ.

ನಾಗಮಂಗಲದ ಗೌಡ:
ಕಳಿಸಿಕೊಡಿ, ಮುಂಗಾರಿಗೆ ಮೊದಲೇ ಚೀಲ ತುಂಬಿಸಿಡುತ್ತೇನೆ.